ಎರಡು ವಾಚು, ಒಂದು ಹೆಣ

ಕೌಂಟರಿನ ಗಾಜಿನ ಮೇಲೆ ಹಳದಿ ಬಟ್ಟೆ ಹಾಸಿ ಇಟ್ಟಿದ್ದ ವಾಚು ಸಣ್ಣಗೆ ಸದ್ದು ಮಾಡುತ್ತ ನಡೆದಿತ್ತು. ಅದು ನಡೆದಿದ್ದೇ ಎಎಸ್‌ಐ ಮೀನಾಕ್ಷಿಗೆ ಬೇಡವಾಗಿತ್ತು.

ಕಳೆದ ಶ್ರಾವಣದಲ್ಲಿ ವರದಾ ನದಿಯಿಂದ ಎತ್ತಿದ, ಮುಖದ ಗುರುತೇ ಸಿಗದಂತಾಗಿದ್ದ ಹೆಣವೊಂದನ್ನು, ಅದರ ಕೈಯಲ್ಲಿದ್ದ ಹಳೇ ಸ್ವಿಸ್ ವಾಚು ನೋಡಿಯೇ, ಕರ್ಜಗಿಯ ಮಾಲತೇಶನದೆಂದು ಗುರುತಿಸಿ ಮಣ್ಣು ಮಾಡಿದ್ದರು. ಈಗ ಅದೇ ಮಾಲತೇಶನ ವಾಚು ಮುಂಬಯಿಯಿಂದ ರಿಪೇರಿಯಾಗಿ ಬಂದು ರಾಣೆಬೆನ್ನೂರಿನ ಈ ಅಂಗಡಿಯಲ್ಲಿ ಕೂತಿತ್ತು.

"ನಾ ಸುಮ್ನ ಇರಬೇಕಿತ್ತೇನೋ ಮೇಡಂ," ಎಂದಳು ರಹಿಮತಬಿ. "ಸತ್ತವರ ವಾಚು ಕಪಾಟಿನ್ಯಾಗ ಇಟ್ಕೊಂಡು ನಿದ್ದಿ ಹತ್ತಲಿಲ್ಲ. ಅದಕ್ಕ ಫೋನ್ ಮಾಡಿದೆ."

ಅಂಗಡಿ ಅವಳ ಗಂಡನದು. ಅವನಿದ್ದಾಗ ಸುತ್ತಲಿನ ಹಳ್ಳಿಗಳ ವಾಚುಗಳೆಲ್ಲ ಇಲ್ಲೇ ಬಿಚ್ಚಿಕೊಂಡು ಇಲ್ಲೇ ಜೋಡಣೆಯಾಗುತ್ತಿದ್ದವು. ಅವನು ತೀರಿಕೊಂಡ ಮೇಲೆ ಗಾಜಿನ ಕಪಾಟಿನಲ್ಲಿ ಮೊಬೈಲ್ ಕವರು, ಚಾರ್ಜರು, ಗೋಡೆ ಗಡಿಯಾರಗಳು ಬಂದು ಸೇರಿಕೊಂಡಿದ್ದವು. ಸೆಲ್ ಹಾಕುವುದು, ಪಟ್ಟಿ ಬದಲಿಸುವುದು, ಇಷ್ಟು ರಹಿಮತಬಿಗೆ ಬರುತ್ತಿತ್ತು. ಚಾವಿ ಕೊಡುವ ಹಳೇ ವಾಚು ಬಂದರೆ ಮಾತ್ರ ಮುಂಬಯಿಯ ಒಬ್ಬ ಮುದುಕನಿಗೆ ಕಳಿಸುತ್ತಿದ್ದಳು.

ಕಳಿಸುವುದೆಂದರೆ ಅದೊಂದು ದೊಡ್ಡ ರಗಳೆ ಎಂದು ಅವಳೇ ಹೇಳಿದಳು. ಈ ಮಾಲತೇಶನ ವಾಚನ್ನೇ ತಗೋರಿ. ಹೋದ ಬೇಸಿಗೆಯಲ್ಲಿ ಕಳಿಸಿದ್ದು. ಒಳಗಿನ ಚಕ್ರದ ಕಡ್ಡಿ ಮುರಿದಿದೆ, ಆ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಮುದುಕ ಮೊದಲಿಗೆ ತಿಳಿಸಿದ. ಆಮೇಲೆ ಬೇರೆ ವಾಚಿನಿಂದ ತೆಗೆದು ಹಾಕುತ್ತೇನೆ, ತಡೆಯಿರಿ ಎಂದ. ಆಮೇಲೆ ಅವನೇ ಆಸ್ಪತ್ರೆ ಸೇರಿದ. ಫೋನ್ ಎತ್ತುವವರೇ ಇಲ್ಲ. ಗಿರಾಕಿಗಳು ಬಂದು ಬಾಯಿಗೆ ಬಂದಂತೆ ಬೈಯುವುದು ಇವಳಿಗೆ. ಮಾಲತೇಶನಂತೂ ವಾರಕ್ಕೊಮ್ಮೆ ಬಂದು, ನಮ್ಮಪ್ಪನ ವಾಚು ಮಾರಿಕೊಂಡು ತಿಂದೆಯಾ ಎಂದು ಕೌಂಟರು ಗುದ್ದಿ ಹೋಗುತ್ತಿದ್ದನಂತೆ.

ಮಳೆಗಾಲದ ನಡುವೆ ಅವನು ಬರುವುದು ನಿಂತಿತು. ಬೇಸರ ಬಂದು ಬಿಟ್ಟಿರಬೇಕು ಎಂದುಕೊಂಡಿದ್ದಳು. ಮೊನ್ನೆ ಕೊರಿಯರ್ ಬಂತು. ಚೀಟಿ ಮೇಲಿನ ನಂಬರಿಗೆ ಹಚ್ಚಿದರೆ ಫೋನು ಬಂದ್. ಕರ್ಜಗಿ ಕಡೆಯ ಗಿರಾಕಿಯೊಬ್ಬನನ್ನು ಕೇಳಿದಾಗ, ಅಂವ ಸತ್ತು ಎಷ್ಟ ದಿನಾ ಆತು, ಕೈಯಾಗಿನ ವಾಚ್ ಮ್ಯಾಲೆ ಹೆಣದ ಗುರ್ತ ಹತ್ತಿತಲ್ಲ ಎಂದು ಅವನು ಹೇಳಿದ. ಮರುದಿನವೇ ರಹಿಮತಬಿ ಠಾಣೆಗೆ ಫೋನ್ ಮಾಡಿದ್ದಳು.

ಮೀನಾಕ್ಷಿ ಸ್ಟೂಲಿನ ಮೇಲೆ ಕೂತು ಬೂಟಿನೊಳಗೇ ಕಾಲ್ಬೆರಳು ಮಡಚಿ ಬಿಡಿಸಿದಳು. ಎರಡು ದಿನ ಬಂದೋಬಸ್ತಿನಲ್ಲಿ ನಿಂತು ನಿಂತು ಮೀನಖಂಡದ ನರಗಳು ಹಗ್ಗದಂತೆ ಬಿಗಿದಿದ್ದವು. ಮುಂಜಾನೆ ಠಾಣೆಯ ಸಾಹೇಬರು ಹೇಳಿದ್ದೂ ಸರಿಯೇ ಅನ್ನಿಸಿತ್ತು: ರಿಪೇರಿಯವನು ಯಾರದೋ ವಾಚು ಯಾರಿಗೋ ಕಳಿಸಿರುತ್ತಾನೆ, ಹಂಗಂತ ಒಂದು ಹೇಳಿಕೆ ಬರಕೊಂಡು ಬಾ. ಮುಗಿದ ಕೇಸನ್ನು ಕೆದಕಿ ಗೋರಿ ಅಗೆಸುವ ಉಮೇದು ಯಾರಿಗಿತ್ತು?

"ಮುಂಬೈನ್ಯಾಗ ಅದಲಬದಲ ಆಗಿರಬಹುದಲ್ಲ?" ಎಂದು ಕೇಳಿದಳು. ಹೌದು ಎನ್ನಲಿ ಎಂಬ ಆಸೆ ದನಿಯಲ್ಲೇ ಇತ್ತು.

"ಆಗ್ತಾವ್ರಿ. ಒಬ್ಬರ ಮುಳ್ಳು ಇನ್ನೊಬ್ಬರ ವಾಚಿಗೆ ಬಂದು ಜಗಳ ಆಗ್ಯಾವ. ಅದಕ್ಕ ನಾ ಕಳಿಸೂಮುಂದ ಫೋಟೋ ಹೊಡದ ಇಡ್ತೇನಿ."

ಅವಳು ಮೊಬೈಲು ತೆಗೆದು ಬಹಳ ಹೊತ್ತು ಹಿಂದೆ ಹಿಂದೆ ಸರಿಸಿ ಒಂದು ಫೋಟೋ ತೋರಿಸಿದಳು. ಕರೀ ಡಯಲಿನ ವಾಚು. ನಾಲ್ಕರ ಅಂಕಿಯ ಕೆಳಗೆ ಅಕ್ಕಿಕಾಳಿನಷ್ಟು ಬಿಳೀ ಕಲೆ. ಇನ್ನೊಂದು ಫೋಟೋದಲ್ಲಿ ಹಿಂದಿನ ಮುಚ್ಚಳ, ಅದರ ಅಂಚಿಗೆ ಸಣ್ಣ ತಗ್ಗು. ಮೀನಾಕ್ಷಿ ಕೌಂಟರಿನ ಮೇಲಿನ ವಾಚನ್ನು ಎತ್ತಿ ಕಣ್ಣಿಗೆ ಹತ್ತಿರ ತಂದಳು. ನಾಲ್ಕರ ಕೆಳಗೆ ಅದೇ ಕಲೆ. ಹಿಂದಿನ ಮುಚ್ಚಳ ತಿರುವಿದರೆ ಅಂಚಿಗೆ ಅದೇ ತಗ್ಗು.

ಇದು ಮಾಲತೇಶನದೇ. ಹೆಣ ಸಿಕ್ಕ ದಿನ ಇದು ಮುಂಬಯಿಯಲ್ಲಿತ್ತು.

"ಕೊಡಾಕ ಅಂವ ಒಬ್ಬನ ಬಂದಿದ್ನೇನು?"

"ಇಲ್ರಿ. ಹೆಣ್ತಿ ಇದ್ಲು." ರಹಿಮತಬಿ ಮೊಬೈಲು ಮುಚ್ಚಿಟ್ಟಳು. "ಈಕಿ ಕೈಯಾಗಿಂದ ಬಿದ್ದು ವಾಚ್ ಕೆಡ್ತು ಅಂತ ನನ್ನ ಮುಂದನ ಅಂದ. ಆಕಿ ಆ ಬಾಗಲದಾಗ ನಿಂತಿದ್ಲು, ಸೆರಗ ಹಿಂಗ ಗಲ್ಲಕ್ಕ ಹಿಡ್ಕೊಂಡು. ಬ್ಯಾಸಗಿ ಬಿಸಿಲಾಗ ಯಾಕ ಹಿಂಗ ಮುಸುಕು ಅಂತ ನೋಡಿದೆ. ಗಲ್ಲ ಹಸರಗಟ್ಟಿತ್ರಿ."

ಮೀನಾಕ್ಷಿ ವಾಚನ್ನು ಅದೇ ಹಳದಿ ಬಟ್ಟೆಯಲ್ಲಿ ಸುತ್ತಿ, ಪಡೆದದ್ದಕ್ಕೆ ಸಹಿ ಮಾಡಿಕೊಟ್ಟಳು. ಹೊರಗೆ ಬಂದು ಸಾಹೇಬರಿಗೆ ಫೋನ್ ಹಚ್ಚಿ, ಅದಲಬದಲ ಆಗಿಲ್ಲ, ಕರ್ಜಗಿಗೆ ಹೋಗಿ ಬರುತ್ತೇನೆ ಎಂದಳು. ಅತ್ತಲಿಂದ ಒಂದು ನಿಟ್ಟುಸಿರು ಬಂತು. ಜೀಪು ಖಾಲಿ ಇಲ್ಲ, ಬಸ್ಸಿಗೆ ಹೋಗು ಎಂದರು.

ಹಾವೇರಿಗೆ ಒಂದು ಬಸ್ಸು, ಅಲ್ಲಿಂದ ಕರ್ಜಗಿಗೆ ಇನ್ನೊಂದು. ಕಿಟಕಿಯ ಬಿಸಿಗಾಳಿಗೆ ಮುಖ ಕೊಟ್ಟು ಕೂತ ಮೀನಾಕ್ಷಿಗೆ ಕಣ್ಣೆಳೆಯುತ್ತಿದ್ದರೂ ನಿದ್ದೆ ಬರಲಿಲ್ಲ. ಹೆಂಗಸರು ಇರುವ ಕೇಸು ಅಂದರೆ ಠಾಣೆಯಲ್ಲಿ ಮೊದಲು ಕೇಳುವುದೇ ಅವಳ ಹೆಸರು. ಅಳುವವರ ಪಕ್ಕ ಕೂಡಲಿಕ್ಕೆ, ಬೀಳುವವರನ್ನು ಹಿಡಿಯಲಿಕ್ಕೆ. ಈ ಕೇಸಿನಲ್ಲಿ ಮಾತ್ರ ಆಗ ಅವಳಿರಲಿಲ್ಲ; ಹಿರೇಕೆರೂರಿನ ಕಡೆಗೆ ಇದ್ದಳು. ಪಂಚನಾಮೆ ಮಾಡಿದವರು ವರ್ಗವಾಗಿ ಹೋಗಿದ್ದರು. ತಾಯಿ ಗುರುತಿಸಿದ ಮೇಲೆ ಡಿಎನ್‌ಎ ಪರೀಕ್ಷೆ ಯಾರೂ ಕೇಳಿರಲಿಲ್ಲ.

ಹಾಗಾದರೆ ಮಣ್ಣಿನಲ್ಲಿ ಮಲಗಿದವನು ಯಾರು?

ನಿನ್ನೆ ಸಂಜೆ ಬಂದೋಬಸ್ತು ಮುಗಿಸಿ ಬಂದು ಅವಳು ಆ ಹಂಗಾಮಿನ ಕಾಣೆಯಾದವರ ದೂರುಗಳನ್ನೆಲ್ಲ ತೆಗೆಸಿ ನೋಡಿದ್ದಳು. ಆ ವಯಸ್ಸಿನ, ಆ ಎತ್ತರದ ಗಂಡಸು ಜಿಲ್ಲೆಯಲ್ಲಿ ಒಬ್ಬನೂ ಕಳೆದಿರಲಿಲ್ಲ. ಒಬ್ಬ ಮನುಷ್ಯ ಸತ್ತು ನೀರಿನಲ್ಲಿ ಕೊಳೆತು ಬೇರೆಯವನ ಹೆಸರಿನಲ್ಲಿ ಮಣ್ಣಾಗಿದ್ದ, ಅವನನ್ನು ಹುಡುಕಿಕೊಂಡು ಒಬ್ಬರೂ ಬಂದಿರಲಿಲ್ಲ. ಮಾಲತೇಶ ಎಲ್ಲಿದ್ದಾನೆ ಎಂಬುದಕ್ಕಿಂತ ಇದೇ ಅವಳನ್ನು ಹೆಚ್ಚು ಕೊರೆಯುತ್ತಿತ್ತು.

ಮತ್ತೆ ಆ ಹೆಂಡತಿ. ತಾನೇ ಹೋಗಿ ವಾಚು ಕೊಟ್ಟುಬಂದವಳು, ಅದು ಇನ್ನೂ ಬಂದಿಲ್ಲವೆಂದು ಗೊತ್ತಿದ್ದವಳು, ನದಿಯ ದಂಡೆಯಲ್ಲಿ ಇನ್ನೊಂದು ವಾಚು ನೋಡಿ ತುಟಿಪಿಟಕ್ಕೆನ್ನದೆ ಹೇಗೆ ನಿಂತಳು?

ಮಾಲತೇಶನ ಮನೆ ಊರ ನಡುವೆಯೇ ಇತ್ತು. ಪಡಸಾಲೆಯ ಹೊರಸಿನ ಮೇಲೆ ಅವನ ತಾಯಿ ಮೈಲವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಗ ಹೋದಾಗಿನಿಂದ ಮುದುಕಿ ಮಾತು ಬಿಟ್ಟಿದ್ದಾಳೆ, ಕಿವಿಯೂ ಮಂದವಾಗಿದೆ ಎಂದು ದಾರಿ ತೋರಿಸಿದ ಪಕ್ಕದ ಮನೆಯವಳು ಹೇಳಿದ್ದಳು. ಮೀನಾಕ್ಷಿಯ ಬೂಟಿನ ಸದ್ದಿಗೆ ಅವಳು ಮಿಸುಕಲಿಲ್ಲ.

ಸೊಸೆ ಅರುಣಾ ಹಿತ್ತಲಲ್ಲಿದ್ದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ರಾತ್ರಿ ಪಾಳಿಯ ಕೆಲಸ ಮುಗಿಸಿ ಆಗಷ್ಟೇ ಬಂದಿರಬೇಕು. ಕಲ್ಲಿನ ಮೇಲೆ ಕೂತು ಉರಿಯುವ ಕೈಗಳಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಪೊಲೀಸರನ್ನು ಕಂಡು ಎದ್ದಳು. ಹೆದರಿದಂತೆ ಕಾಣಲಿಲ್ಲ. ಬಹಳ ದಿನದಿಂದ ಕಾದ ನೆಂಟರು ಕಡೆಗೂ ಬಂದರು ಎನ್ನುವಂತೆ ನೋಡಿದಳು.

"ಕುಂದ್ರವಾ, ನಾನೂ ಕುಂದ್ರತೇನಿ. ನಿಂದ್ರೂ ಶಕ್ತಿ ಇಲ್ಲ ನನಗ," ಎಂದು ಮೀನಾಕ್ಷಿ ಪಕ್ಕದ ಕಲ್ಲಿನ ಮೇಲೆ ಕೂತು ಹಳದಿ ಬಟ್ಟೆ ಬಿಚ್ಚಿದಳು.

ಅರುಣಾಳ ಎಣ್ಣೆಗೈ ನಿಂತಿತು. ವಾಚನ್ನು ನೋಡಿದಳು. ಅದರ ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವವರೆಗೂ ನೋಡಿದಳು.

"ಆತೇನ್ರಿ ರಿಪೇರಿ," ಎಂದಳು.

ಅಷ್ಟೇ. ಮೀನಾಕ್ಷಿ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಆ ಒಂದು ಮಾತಿಗೆ ಕೆಲಸವಿಲ್ಲದೆ ಕೂತವು. ಆದರೂ ಕೇಳಬೇಕಾದದ್ದನ್ನು ಕೇಳಲೇಬೇಕಿತ್ತು.

"ಈ ವಾಚ್ ಅಂಗಡ್ಯಾಗ ಐತಿ ಅಂತ ನಿನಗ ಗೊತ್ತಿತ್ತು. ಗೊತ್ತಿದ್ದೂ ನದಿ ದಂಡಿಮ್ಯಾಲೆ ಆ ಹೆಣ ನೋಡಿ ಹೌದು, ನನ್ನ ಗಂಡಂದ ಅಂದಿ."

"ನಾ ಹೌದು ಅಂದಿಲ್ರಿ ಅಕ್ಕಾರ. ಅಲ್ಲ ಅನ್ನಲಿಲ್ಲ, ಅಷ್ಟ."

ಆಮೇಲೆ ಅವಳು ಹೇಳಿದ್ದು, ಕೈಗಳ ಎಣ್ಣೆಯನ್ನು ಸೀರೆಯ ಅಂಚಿಗೆ ಒರೆಸಿಕೊಳ್ಳುತ್ತ, ಬೇರೆ ಯಾರದೋ ಮನೆಯ ಸುದ್ದಿ ಹೇಳುವ ದನಿಯಲ್ಲಿ.

ಆ ದಿನ ದಂಡೆಯ ಮೇಲೆ ಅರ್ಧ ಊರು ಸೇರಿತ್ತು. ಮೊದಲು ಮುಂದೆ ಹೋದವಳು ಅತ್ತೆ. ಬಟ್ಟೆಯ ಹೊರಗೆ ಬಿದ್ದಿದ್ದ ಕೈಯನ್ನೂ ಅದರಲ್ಲಿದ್ದ ವಾಚನ್ನೂ ನೋಡಿದ್ದೇ ನೆಲಕ್ಕೆ ಬಿದ್ದು, ನನ್ನ ಮಗಾ ಎಂದು ಬಾಯಿ ಬಡಿದುಕೊಂಡಳು. ಅರುಣಾ ಇನ್ನೂ ಹೆಣದ ಹತ್ತಿರ ಹೋಗಿರಲಿಲ್ಲ. ಅಷ್ಟರಲ್ಲಿ ಹಿರಿಯ ಹೆಂಗಸರು ಬಂದು ಇವಳನ್ನು ಹಿಡಿದುಕೊಂಡರು, ಯಾರೋ ಕೈ ಎಳೆದು ಬಳೆ ಒಡೆದರು. ಪೊಲೀಸರು ಬಂದು ಕೇಳುವ ಹೊತ್ತಿಗೆ ಅವಳ ಹಣೆಯ ಕುಂಕುಮವೂ ಹೋಗಿತ್ತು.

ಅದಕ್ಕೂ ನಾಲ್ಕು ದಿನ ಮೊದಲು ಮಾಲತೇಶ, ಬ್ಯಾಡಗಿಯಲ್ಲಿ ಕೆಲಸವಿದೆ ಎಂದು ಹೋದವನು ತಿರುಗಿ ಬಂದಿರಲಿಲ್ಲ. ಹೋಗುವ ಮೊದಲು ಅನ್ನ ಬಿಸಿ ಇಲ್ಲವೆಂದು ತಾಟನ್ನು ಇವಳ ಮೇಲೆ ಎಸೆದಿದ್ದ. ಎರಡು ಸಲ ತವರಿಗೆ ಓಡಿಹೋದವಳನ್ನು ಹಿರಿಯರೇ ರಾಜಿ ಮಾಡಿಸಿ ತಂದು ಬಿಟ್ಟಿದ್ದರು. ಮೂರನೇ ಸಲ ಹೋಗಲು ತವರಿನಲ್ಲಿ ಯಾರೂ ಉಳಿದಿರಲಿಲ್ಲ.

"ಬಳಿ ಒಡದ ಮ್ಯಾಲೆ ಕೈ ಎಷ್ಟು ಹಗೂರ ಆತು ಗೊತ್ತೇನ್ರಿ," ಎಂದಳು. "ಮರದಿನಾ ಅಂವ ಬರ್ತಾನ, ಖರೇ ಏನಂತ ಎಲ್ಲಾರಿಗೂ ತಿಳೀತೈತಿ, ಒಂದ ದಿನಾ ಆದ್ರೂ ಸುಮ್ನ ಇರೂಣು ಅನಿಸ್ತು. ಅಂವ ಬರಲಿಲ್ಲ. ಮತ್ತೊಂದು ದಿನಾ ಬರಲಿಲ್ಲ. ಹಂಗ ಇಷ್ಟ ದಿನಾ ಆದೂವು."

"ಬರೂದಿಲ್ಲ ಅಂತ ನಿನಗ ಗೊತ್ತಿತ್ತೇನು?"

"ಇಲ್ರಿ. ಯಾರರೆ ಕದಾ ಬಡದ್ರ ಈಗೂ ಅಂವನ ಅಂತ ತಿಳೀತೇನಿ."

ಮೀನಾಕ್ಷಿ ಸಿಟ್ಟಾಗಲು ನೋಡಿದಳು. ಕಾಯ್ದೆಯ ಪ್ರಕಾರ ಸಿಟ್ಟಾಗಬೇಕಿತ್ತು. ಆದರೆ ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಾಗುತ್ತದೆ. ಗಲ್ಲ ಹಸಿರುಗಟ್ಟಿದ ಇಂಥ ಎಷ್ಟೋ ಹೆಂಗಸರ ಪಕ್ಕ ಬೆಂಚಿನ ಮೇಲೆ ಕೂತು ಚಹಾ ಕುಡಿಸಿದ್ದಳು ಅವಳು. ವಾಪಸು ಹೋದವರಲ್ಲಿ ಕೆಲವರ ಹೆಸರು ಆಮೇಲೆ ಬೇರೆ ಕಾಗದಗಳಲ್ಲಿ ಓದಿದ್ದಳು.

"ಅಲ್ಲಿ ಮಲಗಿದಾಂವ ಯಾರಂತ ಒಂದ ದಿನಾ ಆದ್ರೂ ಅನಿಸಲಿಲ್ಲೇನು?"

ಅರುಣಾ ಮೊದಲ ಸಲ ತಲೆ ತಗ್ಗಿಸಿದಳು. ಅಮಾವಾಸ್ಯೆಗೊಮ್ಮೆ ಹೋಗಿ ಗೋರಿಯ ಮೇಲೆ ಹೂವು ಹಾಕಿ ಬರುತ್ತಾಳಂತೆ. ಊರವರು ಗಂಡನಿಗೆ ಎಂದುಕೊಳ್ಳುತ್ತಾರೆ. ಅವಳು ಹಾಕುವುದು ಆ ಯಾರಿಗೋ. ಯಪ್ಪಾ, ನಿನ್ನ ಹೆಸರ ಗೊತ್ತಿಲ್ಲ, ತಪ್ಪ ತಿಳೀಬ್ಯಾಡ ಎಂದು ಹೇಳಿ ಬರುತ್ತಾಳಂತೆ.

ಹೆಣದ ಕೈಯಿಂದ ಬಿಚ್ಚಿದ ವಾಚು ಎಲ್ಲಿದೆ ಎಂದು ಮೀನಾಕ್ಷಿ ಕೇಳಿದಳು. ಕೇಸು ಮುಗಿದಾಗ ಅದನ್ನು ಮನೆಯವರಿಗೆ ಒಪ್ಪಿಸಿದ್ದು ಕಡತದಲ್ಲಿತ್ತು. ದೇವರ ಜಗಲಿಯ ಮೇಲೆ ಅತ್ತೆ ಇಟ್ಟುಕೊಂಡಿದ್ದಾಳೆ ಎಂದಳು ಅರುಣಾ.

ಇಬ್ಬರೂ ಪಡಸಾಲೆಗೆ ಬಂದರು. ಅರುಣಾ ಜಗಲಿಯಿಂದ ಒಂದು ಸಣ್ಣ ಗಂಟು ತೆಗೆದಳು. ಹೊರಸು ಕಿರ್ರೆಂದಿತು.

"ಇಡ ಅದನ್ನ," ಎಂದಳು ಮೈಲವ್ವ. ಎದ್ದು ಕೂತಿದ್ದಳು. ದನಿ ಮಾತು ಬಿಟ್ಟವಳ ದನಿಯಾಗಿರಲಿಲ್ಲ. "ನನ್ನ ಮಗಂದು ಅದು. ಯಾರೂ ಮುಟ್ಟಬ್ಯಾಡ್ರಿ."

ಮೀನಾಕ್ಷಿ ನೆಲದ ಮೇಲೆ ಎರಡೂ ವಾಚುಗಳನ್ನು ಪಕ್ಕಪಕ್ಕ ಇಟ್ಟಳು. ಒಂದೇ ತಾಯಿಯ ಮಕ್ಕಳಂತಿದ್ದವು. ಅದೇ ಕರೀ ಮುಖ, ಅದೇ ಸಣ್ಣ ಅಂಕಿಗಳು. ಒಂದು ನಡೆಯುತ್ತಿತ್ತು. ಇನ್ನೊಂದರ ಗಾಜಿನೊಳಗೆ ನದಿಯ ರಾಡಿ ಗೆರೆಗಟ್ಟಿ ಒಣಗಿತ್ತು. ಅದರ ನಾಲ್ಕರ ಕೆಳಗೆ ಬಿಳೀ ಕಲೆ ಇರಲಿಲ್ಲ.

"ಅಮ್ಮಾ, ನಿಮ್ಮ ಮಗನ ವಾಚು ಇದು, ನಡ್ಯಾಕತ್ತಿದ್ದು. ಇದು ಬ್ಯಾರೆದವರದು," ಎಂದಳು ಮೀನಾಕ್ಷಿ, ಸಾಧ್ಯವಾದಷ್ಟು ಮೆಲ್ಲಗೆ.

ಮಗ ಬದುಕಿರಬಹುದು ಎಂದು ಕೇಳಿದ ತಾಯಿ ಏನಾದರೂ ಕೇಳುತ್ತಾಳೆಂದು ಅವಳು ಕಾದಳು. ಮೈಲವ್ವ ಏನೂ ಕೇಳಲಿಲ್ಲ. ಎರಡು ವಾಚುಗಳನ್ನೂ ಒಮ್ಮೆ ನೋಡಿ, ಮತ್ತೆ ಗೋಡೆಯ ಕಡೆ ಹೊರಳಿ ಮಲಗಿದಳು. ಕಿವಿ ಕೇಳಿಸದೇ ಇರಬಹುದು, ಆಘಾತವಿರಬಹುದು ಎಂದು ಮೀನಾಕ್ಷಿ ಸಮಾಧಾನ ಮಾಡಿಕೊಂಡಳು. ಪೂರ್ತಿ ಸಮಾಧಾನವಾಗಲಿಲ್ಲ.

ಇಂಥ ವಾಚು ಎರಡೇ ಇದ್ದವು ಎಂದು ಹೇಳಿದವಳು ಅರುಣಾ. ಅವಳ ಮಾವ ಮೈಲಾರೆಪ್ಪ ಬದುಕಿದ್ದಾಗ ಆಗಾಗ ಹೇಳುತ್ತಿದ್ದರಂತೆ. ಹರೆಯದಲ್ಲಿ ಅವರೂ ಬ್ಯಾಡಗಿಯ ಕೊಟ್ರಪ್ಪ ಎಂಬುವರೂ ಪಾಲಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿ, ಮೊದಲ ಲಾರಿ ಮಾಲು ಮುಂಬಯಿಗೆ ಒಯ್ದಾಗ ಒಂದೇ ಅಂಗಡಿಯಲ್ಲಿ ಒಂದೇ ನಮೂನೆಯವು ಎರಡು ಕೊಂಡಿದ್ದರು. ಆ ಎರಡನೆಯದನ್ನು ಅರುಣಾ ಕಣ್ಣಿಂದ ಕಂಡಿರಲಿಲ್ಲ. ಅದು ಯಾರ ಕೈಯಲ್ಲಿದೆ ಎಂದು ಕೇಳಿದ್ದರೆ ತನ್ನ ಸುಳ್ಳು ಹೊರಬೀಳುತ್ತಿತ್ತು, ಅದಕ್ಕೆ ಕೇಳಲೂ ಇಲ್ಲ.

"ಹಂಗಾದ್ರ ನಾ ಈಗ ಬ್ಯಾಡಗಿಗೆ ಹೋಗಿ ಆ ಕೊಟ್ರಪ್ಪಗ ಈ ವಾಚ್ ತೋರಿಸ್ತೇನಿ," ಎಂದು ಮೀನಾಕ್ಷಿ ಎದ್ದಳು. ಎರಡನ್ನೂ ಕಟ್ಟಿಕೊಂಡಳು. ಹೇಳದೆ ಊರು ಬಿಡಬೇಡ ಎಂದು ಅರುಣಾಗೆ ತಾಕೀತು ಮಾಡಿದಳು.

ಎಲ್ಲಿಗೆ ಹೋಗಲಿ ಅಕ್ಕಾರ ಎಂದು ಅರುಣಾ ಮತ್ತೆ ತನ್ನ ಉರಿಯುವ ಕೈಗಳನ್ನು ನೋಡಿಕೊಂಡಳು.

ಬ್ಯಾಡಗಿಯಲ್ಲಿ ಬಸ್ಸಿಳಿಯುವ ಮೊದಲೇ ಘಾಟು ಮೂಗಿಗೆ ಬಡಿಯಿತು. ಸುಗ್ಗಿಯ ಕಾಲ, ಮಾರ್ಕೆಟ್ ಯಾರ್ಡಿನ ದಾರಿಯುದ್ದಕ್ಕೂ ಚೀಲ ಹೇರಿದ ಲಾರಿಗಳು, ಬಾಯಿಗೆ ಟವೆಲ್ ಕಟ್ಟಿಕೊಂಡ ಹಮಾಲರು. ಮೀನಾಕ್ಷಿ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ, ಕೊಟ್ರಪ್ಪನ ಮನೆ ಕೇಳಿದರೆ, ಮನೆಯಲ್ಲಿ ಎಲ್ಲಿ ಸಿಗುತ್ತಾರೆ, ಕೋಲ್ಡ್ ಸ್ಟೋರೇಜಿಗೆ ಹೋಗಿರಿ ಎಂದರು.

ಎಪ್ಪತ್ತು ದಾಟಿದ್ದರೂ ಕೊಟ್ರಪ್ಪ ಅಲ್ಲಿ ಮಾಲಿನ ಒಳಹೊರಗು ನೋಡಿಕೊಳ್ಳುತ್ತಿದ್ದ. ಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಕೂತಿದ್ದ ಅವನು, ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಉಲ್ಲನ್ ಸ್ವೆಟರ್ ಹಾಕಿದ್ದ. ಒಳಗಿನ ಥಂಡಿಗೆ ಹೋಗಿ ಬಂದು ಮಾಡುವವರ ರೂಢಿ ಅದು. ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ಪೊರೆ ತೆಗೆಸಿ ವಾರವಾಗಿಲ್ಲ, ಮುಖ ಕಂಡರೂ ಅಕ್ಷರ ಕಾಣುವುದಿಲ್ಲ ಎಂದು ತಾನಾಗಿಯೇ ಹೇಳಿ, ಕುರ್ಚಿ ಸರಿಸಿ, ಬರ್ರಿ ಮೇಡಂ, ಕುಂದ್ರಿ ಎಂದ.

ಮೀನಾಕ್ಷಿ ಮೊದಲು ಮೈಲಾರೆಪ್ಪನ ಮಾತು ತೆಗೆದಳು. ಕೊಟ್ರಪ್ಪನ ಮುಖ ಅರಳಿತು. ಮುಂಬಯಿಯ ಆ ಪ್ರಯಾಣ, ಲಾರಿಯ ಮೇಲೇ ಮಲಗಿದ ರಾತ್ರಿಗಳು, ವಾಚಿನಂಗಡಿಯವನು ಇವರ ಧೋತರ ನೋಡಿ ಒಳಗೆ ಬಿಡದೇ ನಿಂತದ್ದು, ಎಲ್ಲ ಹೇಳಿದ. ಮೈಲಾರೆಪ್ಪ ಹೋದ ಮೇಲೆ ಅವನ ಮಗ ಮಾಲತೇಶನೂ ತನ್ನ ಮಗ ಪ್ರವೀಣಕುಮಾರನೂ ಹಾಗೇ ಪಾಲಿನಲ್ಲಿ ವ್ಯಾಪಾರ ಮಾಡುತ್ತಿದ್ದರು, ಪಾಪ, ಆ ಹುಡುಗ ನೀರಿಗೆ ಹೋದ ಎಂದು ಕನ್ನಡಕದ ಕೆಳಗೆ ಬೆರಳು ತೂರಿಸಿ ಒರೆಸಿಕೊಂಡ.

"ನಿಮ್ಮ ಮಗಾ ಈಗ ಎಲ್ಲಿದಾರ್ರಿ?"

ಗುಂಟೂರಿನಲ್ಲಿ ಎಂದ. ಮೆಣಸಿನಕಾಯಿ ಖರೀದಿಗೆ ಮಳೆಗಾಲದಲ್ಲಿ ಹೋದವನು ಅಲ್ಲೇ ನೆಲೆ ನಿಂತಿದ್ದಾನೆ. ಗೆಳೆಯನ ಮಣ್ಣಿಗೂ ಬರಲಾಗಲಿಲ್ಲ. ಮದುವೆಯಾಗಿಲ್ಲ, ಹೇಳುವವರು ಕೇಳುವವರು ಯಾರೂ ಇಲ್ಲ, ಮಗಳು ಸುಧಾರಾಣಿಯೂ ಅಣ್ಣನಿಗೆ ಬೈದು ಬೈದು ಸಾಕಾಗಿದ್ದಾಳೆ.

"ಫೋನ್ ಮಾಡ್ತಾರೇನು?"

"ಫೋನ್ ಇಲ್ರಿ, ಅಲ್ಲಿ ಮಾತ ಕೇಳಸಂಗಿಲ್ಲಂತ. ಮೆಸೇಜ್ ಹಾಕ್ತಾನ. ದಿನಾ ಮುಂಜಾನೆ, ಅಪ್ಪಾ ಊಟ ಆತೇನ ಅಂತ ಕೇಳ್ತಾನ್ರಿ. ಇಲ್ಲೆ ಇದ್ದಾಗ ಒಂದ ದಿನಾ ಕೇಳಿದಾಂವಲ್ಲ. ದೂರ ಹೋದ ಮ್ಯಾಲೆ ಮಾಯೆ ಬಂದೈತಿ."

ಕಾಣೆಯಾದವರ ದೂರುಗಳಲ್ಲಿ ಆ ಮನುಷ್ಯ ಯಾಕೆ ಇರಲಿಲ್ಲ ಎಂಬುದು ಮೀನಾಕ್ಷಿಗೆ ಈಗ ತಿಳಿಯಿತು. ಅವನನ್ನು ಯಾರೂ ಕಳೆದುಕೊಂಡೇ ಇರಲಿಲ್ಲ. ದಿನಾ ಮುಂಜಾನೆ ಯಾರೋ ಅವನನ್ನು ಬದುಕಿಸಿ ಇಟ್ಟಿದ್ದರು.

ರಾಡಿ ಹಿಡಿದ ವಾಚನ್ನು ಅವಳು ಕೊಟ್ರಪ್ಪನ ಅಂಗೈಯಲ್ಲಿ ಇಟ್ಟಳು.

ಅವನು ಅದನ್ನು ಕಣ್ಣ ಹತ್ತಿರ ಒಯ್ಯಲಿಲ್ಲ. ಹೆಬ್ಬೆರಳಿನಿಂದ ಅಂಚನ್ನು ಸವರಿ, ಚಾವಿಯ ಗುಬ್ಬಿಯ ಮೇಲೆ ಬೆರಳು ನಿಲ್ಲಿಸಿದ. ತನ್ನ ಬೆರಳು ದಪ್ಪ, ಇದ್ದ ಚಾವಿ ಹಿಡಿಯಲು ಸಿಗುತ್ತಿರಲಿಲ್ಲ, ಅದಕ್ಕೆ ಹುಬ್ಬಳ್ಳಿಯಲ್ಲಿ ದೊಡ್ಡದು ಹಾಕಿಸಿದ್ದೆ ಎಂದ. ಮೀನಾಕ್ಷಿ ನೋಡಿದಳು. ಹೌದು, ಚಾವಿ ಇನ್ನೊಂದರದಕ್ಕಿಂತ ದೊಡ್ಡದಿತ್ತು.

"ನಂದ ಇದು. ಪ್ರವೀಣಗ ಕೊಟ್ಟಿದ್ದೆ," ಎಂದ ಕೊಟ್ರಪ್ಪ. "ನಿಮ್ಮ ಕೈಯಾಗ ಹ್ಯಾಂಗ ಬಂತು? ಅಲ್ಲೆ ಮಾರಿದ್ನೇನ್ರಿ? ಬಿಡ್ರಿ, ಮಾರಿದ್ರ ಮಾರ್ಲಿ. ಅಂವ ಚಲೋ ಇದ್ರ ಸಾಕು."

ಇಂಥ ಮಾತು ಹೇಳಲಿಕ್ಕೆಂದೇ ಅವಳನ್ನು ಎಲ್ಲರೂ ಕಳಿಸುತ್ತಿದ್ದದ್ದು. ಹೇಗೆ ಶುರು ಮಾಡಬೇಕು, ಮೊದಲು ನೀರು ಕುಡಿಸಬೇಕು, ಕೈ ಹಿಡಿದುಕೊಳ್ಳಬೇಕು, ಎಲ್ಲ ಅವಳಿಗೆ ಗೊತ್ತಿತ್ತು. ಆದರೂ ಇಂದು, ಮಗಳಿಗೆ ಬರಹೇಳಿ ಆಮೇಲೆ ಹೇಳೋಣ ಎಂದುಕೊಂಡು, ಸುಧಾರಾಣಿ ಎಲ್ಲಿ ಸಿಗುತ್ತಾಳೆ ಎಂದು ಕೇಳಲು ಬಾಯಿ ತೆರೆದಳು.

ಮೇಜಿನ ಮೇಲಿದ್ದ ಕೊಟ್ರಪ್ಪನ ಮೊಬೈಲು ಟಿಂಗ್ ಎಂದಿತು.

"ಪ್ರವೀಣಂದ ಇರಬೇಕ್ರಿ. ಇವತ್ತ ಮಧ್ಯಾಹ್ನನ ಹಾಕ್ಯಾನ," ಎಂದು ಮುದುಕ ಹುರುಪಿನಿಂದ ಅದನ್ನು ಎತ್ತಿ ಅವಳ ಕಡೆ ಚಾಚಿದ. ದಿನಾ ಇಲ್ಲಿಯ ಕ್ಲರ್ಕ್ ಓದಿ ಹೇಳುತ್ತಾನೆ, ಈಗ ಊಟಕ್ಕೆ ಹೋಗಿದ್ದಾನೆ, ನೀವೇ ಓದಿರಿ ಎಂದ.

ಮೇಲೆ ಪ್ರವೀಣಕುಮಾರನ ಫೋಟೋ ಇತ್ತು. ಕುಂಕುಮ ಹಚ್ಚಿಕೊಂಡು ನಗುವ ಮುಖ. ಅದರ ಕೆಳಗೆ ಆಗಷ್ಟೇ ಬಂದ ಸಾಲುಗಳು.

'ಅಪ್ಪಾ, ಕರ್ಜಗಿಯಿಂದ ಒಬ್ಬಾಕಿ ಪೊಲೀಸ್ ಬರ್ತಾಳ. ಒಂದು ವಾಚ್ ತೋರಿಸ್ತಾಳ. ನನ್ನ ಮಗಂದಲ್ಲ ಅಂತ ಹೇಳು. ಬ್ಯಾರೆ ಏನೂ ಮಾತಾಡಬ್ಯಾಡ.'

ಮೀನಾಕ್ಷಿ ಮತ್ತೊಮ್ಮೆ ಓದಿದಳು. ಬ್ಯಾಡಗಿಗೆ ಬರುತ್ತೇನೆಂದು ಅವಳು ಸಾಹೇಬರಿಗೂ ಹೇಳಿರಲಿಲ್ಲ. ಹೇಳಿದ್ದು ಒಂದೇ ಮನೆಯ ಪಡಸಾಲೆಯಲ್ಲಿ. ಅಲ್ಲಿ ಇದ್ದವರು ಇಬ್ಬರೇ ಹೆಂಗಸರು. ಅವರಲ್ಲಿ ಒಬ್ಬಳು, ಮಗ ಬದುಕಿರಬಹುದೆಂದು ಕೇಳಿಯೂ ಏನೂ ಕೇಳದೆ ಗೋಡೆಗೆ ಹೊರಳಿದ್ದಳು.

"ಏನಂತಾನ್ರಿ?" ಕೊಟ್ರಪ್ಪ ಮುಂದಕ್ಕೆ ಬಾಗಿದ್ದ. "ಊಟ ಆತೇನ ಅಂತ ಕೇಳ್ಯಾನಲ್ಲ? ಆತಪಾ, ನಿಂದೂ ಆತೇನ ಅಂತ ಬರೀರಿ."

ಅವಳು ಉತ್ತರ ಕೊಡುವ ಮೊದಲೇ, ಫೋನಿನ ಮೇಲ್ತುದಿಯಲ್ಲಿ, ಆ ನಗುವ ಮುಖದ ಪಕ್ಕದಲ್ಲಿ, ಪ್ರವೀಣಕುಮಾರ ಮತ್ತೇನೋ ಟೈಪ್ ಮಾಡುತ್ತಿದ್ದಾನೆಂದು ತೋರಿಸತೊಡಗಿತು.